ನಗುವ ಕಾಯಿ, ಮುಚ್ಚಿದ ಬಾಗಿಲು: ಇರಾನಿನ ಪಿಸ್ತಾ ಯುರೋಪಿನಲ್ಲಿ ಜಾಗ ಕಳೆದುಕೊಂಡ ಪ್ರಕರಣ

1997ರ ಸೆಪ್ಟೆಂಬರ್ 8. ಇರಾನಿನ ಕೆರ್ಮಾನ್ ಪ್ರಾಂತ್ಯದಲ್ಲಿ ಪಿಸ್ತಾ ಕೊಯ್ಲಿನ ಕಾಲ. ಅದೇ ದಿನ ಯುರೋಪ್ ಒಕ್ಕೂಟದ ಆಡಳಿತ ಅಂಗವಾದ ಯುರೋಪಿಯನ್ ಕಮಿಷನ್ ಒಂದು ಆದೇಶ ಹೊರಡಿಸಿತು. ಇರಾನಿನಲ್ಲಿ ಬೆಳೆದದ್ದಾಗಲಿ, ಇರಾನಿನಿಂದ ಹೊರಟದ್ದಾಗಲಿ, ಪಿಸ್ತಾ ಮತ್ತು ಅದರಿಂದ ಮಾಡಿದ ಕೆಲವು ಪದಾರ್ಥಗಳು ಯುರೋಪ್ ಒಕ್ಕೂಟದೊಳಗೆ ಬರುವಂತಿಲ್ಲ. ಅಫ್ಲಾಟಾಕ್ಸಿನ್ ಬಿ1 ಎಂಬ ಬೂಷ್ಟಿನ ವಿಷ ಅತಿಯಾಗಿ ಸಿಕ್ಕಿದೆ ಅನ್ನುವುದು ಕಾರಣ. ಡಿಸೆಂಬರ್ 15ರವರೆಗೆ ಬಾಗಿಲು ಬಂದ್.

ಮೂರು ತಿಂಗಳು ತಾನೇ, ಏನು ಮಹಾ ಅನ್ನಿಸಬಹುದು. ಆದರೆ ಆ ಮೂರು ತಿಂಗಳು ಯಾವುವು ಅಂತ ನೋಡಿ. ಪಿಸ್ತಾ ಕೊಯ್ಲು ಆಗಸ್ಟ್ ಕೊನೆಗೆ ಶುರುವಾಗಿ ಅಕ್ಟೋಬರ್ ಹೊತ್ತಿಗೆ ಮುಗಿಯುತ್ತದೆ. ಹೊಸ ಮಾಲು ಒಣಗಬೇಕು, ಗ್ರೇಡ್ ಆಗಬೇಕು, ಹಡಗು ಹತ್ತಿ ಕ್ರಿಸ್‌ಮಸ್ ವ್ಯಾಪಾರಕ್ಕೆ ಯುರೋಪಿನ ಅಂಗಡಿ ಸೇರಬೇಕು. ಅದೆಲ್ಲ ಆಗಬೇಕಾದ ಕಾಲವೇ ಅದು. ವರ್ಷವಿಡೀ ದುಡಿದದ್ದು ಕೈಗೆ ಬರುವ ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚಿತು.

ಬೀಜ, ಒಣಹಣ್ಣು ಹೊರದೇಶಕ್ಕೆ ಕಳಿಸುವವರು ಮಾತಿಗೆ ಕೂತರೆ ಪ್ಯಾಕಿಂಗ್, ಬ್ರ್ಯಾಂಡ್, ಖರೀದಿದಾರರನ್ನು ಹುಡುಕುವುದು, ಇವುಗಳ ಸುತ್ತಲೇ ಮಾತು ಸುತ್ತುತ್ತದೆ. ಬೇಕು, ಬೇಡ ಅನ್ನುವುದಿಲ್ಲ. ಆದರೆ ಇರಾನಿನ ಹತ್ತಿರ ಹೆಸರಿತ್ತು, ರುಚಿಯಿತ್ತು, ತಲೆಮಾರುಗಳ ಅನುಭವವಿತ್ತು, ಹಳೇ ಗಿರಾಕಿಗಳೂ ಇದ್ದರು. ಇಷ್ಟೆಲ್ಲ ಇದ್ದೂ ಜಾಗ ಕೈತಪ್ಪಿತು. ನನ್ನ ಮಟ್ಟಿಗೆ ಈ ಪ್ರಕರಣದ ಬೇರು ಇರುವುದು ತೋಟದಲ್ಲಿ, ಕೊಯ್ಲಿನ ಮೊದಲ ದಿನದಲ್ಲಿ. ಬಂದರಿನಲ್ಲಿ ಕಂಡದ್ದು ಅದರ ಫಲ ಮಾತ್ರ.

ಕೈಯಲ್ಲಿದ್ದ ಬಂಡವಾಳ

ಕೆರ್ಮಾನ್ ಪ್ರಾಂತ್ಯದ ರಫ್ಸಂಜಾನ್ ಮರುಭೂಮಿಯ ಸೆರಗಿನ ಊರು. ಬೇಸಿಗೆಯಲ್ಲಿ ಸುಡುವ ಬಿಸಿಲು, ಚಳಿಗಾಲದಲ್ಲಿ ಕೊರೆಯುವ ಚಳಿ, ಮಣ್ಣಿನಲ್ಲಿ, ನೀರಿನಲ್ಲಿ ಉಪ್ಪು. ಬೇರೆ ಮರಗಳು ಕೈಚೆಲ್ಲುವ ಜಾಗದಲ್ಲಿ ಪಿಸ್ತಾ ಬೇರೂರುತ್ತದೆ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಾಳಿಯೇ ಪರಾಗ ಸಾಗಿಸಬೇಕು. ಗಿಡ ನೆಟ್ಟು ಹೇಳಿಕೊಳ್ಳುವಂಥ ಫಸಲು ನೋಡಲು ಆರೇಳು ವರ್ಷ ಕಾಯಬೇಕು. ಆಮೇಲೂ ಒಂದು ವರ್ಷ ಜಾಸ್ತಿ, ಮರುವರ್ಷ ಕಡಿಮೆ. ಇಂಥ ಮರವನ್ನು ನಂಬಿದವನು ಒಂದು ಸೀಸನ್ ಕೆಟ್ಟಿತು ಅಂತ ಬೇರೆ ಬೆಳೆಗೆ ಹೊರಳಲಾರ.

ಆ ಕಾಲಕ್ಕೆ ತೈಲ ಬಿಟ್ಟರೆ ಇರಾನಿನ ದೊಡ್ಡ ರಫ್ತು ಅಂದರೆ ರತ್ನಗಂಬಳಿ, ಅದರ ಬೆನ್ನಿಗೆ ಪಿಸ್ತಾ. 1989ರಿಂದ 1997ರವರೆಗೆ ದೇಶದ ಅಧ್ಯಕ್ಷರಾಗಿದ್ದ ಅಕ್ಬರ್ ಹಾಷೆಮಿ ರಫ್ಸಂಜಾನಿಯವರೂ ಇದೇ ಸೀಮೆಯ ಪಿಸ್ತಾ ಬೆಳೆಯುವ ಮನೆತನದವರು. ತಳಿಗಳಿಗೆ ಒಂದೊಂದಕ್ಕೂ ಅದರದೇ ಮುಖ. ಫಂದೊಗಿ ಗುಂಡಗೆ, ಅಕ್ಬರಿ ಉದ್ದಕ್ಕೆ, ಅಹ್ಮದ್ ಅಘಾಯಿಯ ಚಿಪ್ಪು ಬೆಳ್ಳಗೆ. ವ್ಯಾಪಾರದಲ್ಲಿ ಗಾತ್ರವನ್ನು ಔನ್ಸಿಗೆ ಎಷ್ಟು ಕಾಯಿ ಅಂತ ಎಣಿಸುತ್ತಾರೆ. ಔನ್ಸ್ ಅಂದರೆ 28 ಗ್ರಾಂ ಚಿಲ್ಲರೆ. ಅಷ್ಟಕ್ಕೆ 22ರಿಂದ 24 ಕಾಯಿ ತೂಗಿದರೆ ದಪ್ಪ ಮಾಲು, 30ರ ಹತ್ತಿರ ಹೋದರೆ ಸಣ್ಣದು. ಯುರೋಪಿನಲ್ಲಿ ಆಗ ಈ ಮಾಲಿನ ದೊಡ್ಡ ಗಿರಾಕಿ ಜರ್ಮನಿ.

ಅಮೆರಿಕದ ಬಾಗಿಲು ಇದಕ್ಕೂ ಮುಂಚೆಯೇ ಮುಚ್ಚಿತ್ತು. 1986ರಲ್ಲಿ ಅಲ್ಲಿ ಇರಾನಿನ ಚಿಪ್ಪಿನ ಪಿಸ್ತಾ ಮೇಲೆ ಶೇ. 241.14ರ ಡಂಪಿಂಗ್ ವಿರೋಧಿ ಸುಂಕ, ಅಂದರೆ ಹೊರಗಿನ ಮಾಲನ್ನು ತೀರಾ ಅಗ್ಗಕ್ಕೆ ತಂದು ಸುರಿಯುವುದನ್ನು ತಡೆಯುವ ಸುಂಕ, ಬಿತ್ತು. ಮರುವರ್ಷ ಇರಾನಿನ ಸರಕಿಗೇ ನಿಷೇಧ. ಹಾಗಾಗಿ ಒಳ್ಳೆ ಬೆಲೆ ಕೊಡುವ ಮಾರುಕಟ್ಟೆ ಅಂತ ಉಳಿದವುಗಳಲ್ಲಿ ಯುರೋಪೇ ದೊಡ್ಡದು. ಒಂದೇ ಬಾಗಿಲನ್ನು ಅಷ್ಟು ನೆಚ್ಚಿಕೊಂಡಾಗ ಅದರ ಚಿಲಕದ ಮೇಲೆ ಎಷ್ಟು ನಿಗಾ ಇರಬೇಕಿತ್ತು, ಅಲ್ವಾ?

ಅಂಗೈ ಮೇಲೆ ಎರಡು ಕಾಯಿ

ಇಲ್ಲಿ ಸ್ವಲ್ಪ ನಿಂತು ಕಾಯಿಯನ್ನೇ ನೋಡಬೇಕು. ಮರದ ಮೇಲಿರುವ ಪಿಸ್ತಾಕ್ಕೆ ಎರಡು ಹೊದಿಕೆ. ಹೊರಗೆ ಮೆತ್ತನೆಯ ಸಿಪ್ಪೆ, ಅದರೊಳಗೆ ಗಟ್ಟಿ ಚಿಪ್ಪು, ಅದರೊಳಗೆ ತಿರುಳು. ಮಾಗುವಾಗ ತಿರುಳು ತುಂಬಿಕೊಂಡು ಚಿಪ್ಪು ಬಾಯಿಬಿಡುತ್ತದೆ. ಪರ್ಷಿಯನ್ ಭಾಷೆಯಲ್ಲಿ ಹೀಗೆ ಬಿರಿದ ಪಿಸ್ತಾಕ್ಕೆ ಖಂದಾನ್ ಅನ್ನುತ್ತಾರೆ. ನಗುವಂಥದ್ದು ಅಂತ ಅರ್ಥ. ಚೀನೀ ಭಾಷೆಯಲ್ಲೂ ಇದರ ಹೆಸರು ಖುಷಿಯ ಹಣ್ಣು ಎಂದೇ. ನಗುವ ಕಾಯಿಗೇ ಬೆಲೆ, ಬಾಯಿ ಮುಚ್ಚಿದ್ದಕ್ಕೆ ಕಡಿಮೆ.

ಒಳ್ಳೆಯ ಕಾಯಿಯಲ್ಲಿ ಚಿಪ್ಪು ಬಿರಿದರೂ ಹೊರಸಿಪ್ಪೆ ಬಿರಿಯುವುದಿಲ್ಲ. ಅದು ಚಿಪ್ಪಿನಿಂದ ಬಿಟ್ಟುಕೊಂಡು ಸಡಿಲವಾಗಿ ಸುತ್ತಿಕೊಂಡಿರುತ್ತದೆ. ಎರಡು ಬೆರಳಲ್ಲಿ ಹಿಂಡಿದರೆ ಸಿಪ್ಪೆ ಜಾರುತ್ತದೆ, ಒಳಗಿಂದ ಬೆಳ್ಳಗಿನ ಶುಭ್ರ ಚಿಪ್ಪು ಬರುತ್ತದೆ. ಆ ಸಿಪ್ಪೆ ಇರುವಷ್ಟು ದಿನ ತಿರುಳಿಗೆ ಹೊರಗಿನ ಗಾಳಿ ಸೋಕುವುದಿಲ್ಲ.

ಇನ್ನೊಂದು ಕಾಯಿ ಇದೆ. ಅದು ಹೊತ್ತಿಗೆ ಮುಂಚೆ ಬಿರಿಯುತ್ತದೆ. ಸಿಪ್ಪೆ ಆಗಿನ್ನೂ ಚಿಪ್ಪಿಗೆ ಅಂಟಿಕೊಂಡೇ ಇರುವುದರಿಂದ ಚಿಪ್ಪಿನ ಜೊತೆ ಅದೂ ಸೀಳುತ್ತದೆ. ಕೊಯ್ಲಿಗೆ ಇನ್ನೂ ದಿನಗಳಿರುವಾಗಲೇ ತಿರುಳು ಗಾಳಿಗೆ, ಧೂಳಿಗೆ, ಹುಳುವಿಗೆ ಬಾಯ್ತೆರೆದು ಕೂರುತ್ತದೆ. ಸಿಪ್ಪೆ ಸುಕ್ಕಾಗಿ ಒಣಗುತ್ತದೆ. ಆಮೇಲೆ ಸಿಪ್ಪೆ ಸುಲಿದರೂ ಚಿಪ್ಪಿನ ಬಾಯಿಯಂಚಿನುದ್ದಕ್ಕೂ ಒಂದು ಕಂದು ಗೆರೆ ಉಳಿದುಬಿಡುತ್ತದೆ. ಒಳ್ಳೆಯದನ್ನೂ ಇದನ್ನೂ ಅಂಗೈ ಮೇಲೆ ಪಕ್ಕಪಕ್ಕ ಇಟ್ಟರೆ ತಿಳಿಯದವರಿಗೂ ವ್ಯತ್ಯಾಸ ಕಾಣುತ್ತದೆ. ಲಕ್ಷಾಂತರ ಕಾಯಿಗಳ ರಾಶಿಯಲ್ಲಿ ಕಾಣುವುದಿಲ್ಲ.

ತೋಟದಲ್ಲಿ ಇಂಥ ಕಾಯಿ ನೂರಕ್ಕೆ ಕೆಲವು ಮಾತ್ರ. ಆದರೆ ಅಫ್ಲಾಟಾಕ್ಸಿನ್‌ನ ಬಹುಪಾಲು ಸಿಗುವುದು ಈ ಕೆಲವುಗಳಲ್ಲೇ. ಚಿಪ್ಪು ಕಟ್ಟುವ ಕಾಲದಲ್ಲಿ ಮರಕ್ಕೆ ನೀರು ಸಾಲದಿದ್ದರೆ ಮುಂಚೆ ಬಿರಿಯುವ ಕಾಯಿಗಳು ಹೆಚ್ಚುತ್ತವೆ. ರಫ್ಸಂಜಾನ್ ಸೀಮೆಯಲ್ಲಿ ಅಂತರ್ಜಲ ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತಿದೆ. ನೀರಿನ ಕಷ್ಟ ಇಳುವರಿಯನ್ನಷ್ಟೇ ಅಲ್ಲ, ಮಾಲಿನ ಗುಣವನ್ನೂ ಹೀಗೆ ಹಿಡಿಯುತ್ತದೆ.

ವಿಷ ಹುಟ್ಟಿಸುವುದು ಆಸ್ಪರ್ಜಿಲಸ್ ಫ್ಲೇವಸ್ ಮತ್ತು ಅದರ ಹತ್ತಿರದ ಬಂಧು ಬೂಷ್ಟು. ಅಫ್ಲಾಟಾಕ್ಸಿನ್ ಅನ್ನುವ ಹೆಸರು ಬಂದದ್ದೂ ಅದರಿಂದಲೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತಾ ಹೋದಾಗ ಮೇವಿನ ಶೇಂಗಾ ಹಿಂಡಿಯಲ್ಲಿ ಈ ವಿಷ ಸಿಕ್ಕಿತು. ಇದು ಯಕೃತ್ತಿನ ಕ್ಯಾನ್ಸರ್‌ಗೆ ದಾರಿ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದ ಮೊದಲ ಗುಂಪಿನಲ್ಲೇ ಇಟ್ಟಿದೆ. ಹುರಿದರೆ ಹೋಗಿಬಿಡುವ ವಿಷವಲ್ಲ ಇದು, ಬಿಸಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಹಾಗಾಗಿ ಯುರೋಪ್ ಸುಮ್ನೆ ಹಠ ಹಿಡಿಯಿತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತಿನ್ನುವವರಲ್ಲಿ ಮಕ್ಕಳೂ ಇರುತ್ತಾರೆ.

ಕೊಯ್ದ ಮೇಲಿನ 24 ಗಂಟೆ

ಮರದಿಂದ ಇಳಿದ ಕಾಯಿಯ ಒದ್ದೆ ಸಿಪ್ಪೆಯನ್ನು ಒಂದು ದಿನದೊಳಗೆ ಸುಲಿಯಬೇಕು. ಚೀಲದಲ್ಲಿ, ರಾಶಿಯಲ್ಲಿ ಹಾಗೇ ಬಿಟ್ಟರೆ ಕಾವು ಏರುತ್ತದೆ, ಚಿಪ್ಪಿಗೆ ಕಲೆ ಹತ್ತುತ್ತದೆ, ಬೂಷ್ಟಿಗೆ ಹಬ್ಬ. ಸುಲಿದ ಮೇಲೆ ನೀರಿನ ತೊಟ್ಟಿಗೆ ಹಾಕುತ್ತಾರೆ. ಪೊಳ್ಳು ತೇಲುತ್ತದೆ, ಗಟ್ಟಿ ಮುಳುಗುತ್ತದೆ. ಆಮೇಲೆ ಸಿಮೆಂಟ್ ಕಣದಲ್ಲಿ ಹರವಿ ಬಿಸಿಲಿಗೆ ಒಣಗಿಸುವುದು ಇರಾನಿನ ರೂಢಿ. ತೇವ ಶೇ. 5ರಿಂದ 7ರ ಆಸುಪಾಸಿಗೆ ಇಳಿದರೆ ಕಾಯಿ ಗೋದಾಮಿನಲ್ಲಿ ನಿಲ್ಲುತ್ತದೆ.

ಕೇಳಲು ಸುಲಭ. ಆದರೆ ಕೊಯ್ಲಿನ ದಿನಗಳಲ್ಲಿ ಎಲ್ಲರ ಕಾಯಿಯೂ ಒಟ್ಟಿಗೇ ಇಳಿಯುತ್ತದೆ. ಸಣ್ಣ ತೋಟದವನಿಗೆ ಸುಲಿಯುವ ಯಂತ್ರ ಸ್ವಂತದ್ದಲ್ಲ. ಸರತಿ ಕಾಯಬೇಕು. ಆ ಕಾಯುವ ಹೊತ್ತಲ್ಲೇ ಮಾಲು ಕೆಡುವುದು. ಮುಂದೆ ಅವನ ಹತ್ತು ಚೀಲ ಇನ್ನೊಬ್ಬನ ಹತ್ತು ಚೀಲದ ಜೊತೆ ಸೇರುತ್ತದೆ. ವ್ಯಾಪಾರಿಯ ಗೋದಾಮಿನಲ್ಲಿ ನೂರಾರು ತೋಟಗಳ ಮಾಲು ಒಂದಾಗಿ ಒಂದು ಲಾಟ್ ಆಗುತ್ತದೆ. ಬಾಯಿ ಮುಚ್ಚಿದ ಕಾಯಿಗಳನ್ನು ನೆನೆಸಿ ಯಂತ್ರದಲ್ಲಿ ಬಾಯಿ ಬಿಡಿಸುವ ಪದ್ಧತಿಯೂ ಇದೆ. ಒಣಗಿದ್ದಕ್ಕೆ ಮತ್ತೆ ತೇವ ಕೊಟ್ಟಂತಾಯಿತು. ಮತ್ತೆ ಚೆನ್ನಾಗಿ ಒಣಗಿಸದಿದ್ದರೆ ಅಪಾಯವೂ ಮತ್ತೆ ಮೊದಲಿನಿಂದ.

ಒಳ್ಳೆಯದೂ ಕೆಟ್ಟದ್ದೂ ಬೆರೆತ ಆ ಕ್ಷಣವೇ ನನಗೆ ಇಡೀ ಪ್ರಕರಣದಲ್ಲಿ ಹೆಚ್ಚು ಸಂಕಟ ಕೊಡುವುದು. ಅಲ್ಲಿಂದ ಮುಂದೆ ಜಾಗ್ರತೆ ಮಾಡಿದವನ ಶ್ರಮಕ್ಕೆ ಗುರುತೇ ಇಲ್ಲ.

ಡಿಸೆಂಬರ್‌ನಲ್ಲಿ ತೆರೆದದ್ದು ಹಳೇ ಬಾಗಿಲಲ್ಲ

1997ರ ಡಿಸೆಂಬರ್ 11ರಂದು ಕಮಿಷನ್ ನಿಷೇಧ ತೆಗೆದು ಷರತ್ತು ಹಾಕಿತು. ಪ್ರತಿ ಲಾಟ್ ಜೊತೆ ಇರಾನಿನ ಆರೋಗ್ಯ ಸಚಿವಾಲಯದ ಪ್ರಮಾಣಪತ್ರ ಬೇಕು. ಅಲ್ಲೇ ಸ್ಯಾಂಪಲ್ ತೆಗೆದು ಪರೀಕ್ಷೆ ಮಾಡಿದ ಫಲಿತಾಂಶ ಬೇಕು. ಗೊತ್ತು ಮಾಡಿದ ಬಂದರು, ಗಡಿಗಳಲ್ಲಿ ಮಾತ್ರ ಒಳಗೆ ಪ್ರವೇಶ. ಅಲ್ಲೂ ಮತ್ತೆ ಪರೀಕ್ಷೆ.

ಅದರ ಬೆನ್ನಿಗೇ ಯುರೋಪಿನಾದ್ಯಂತ ಒಂದೇ ಮಿತಿ ಬಂತು. 1999ರ ಜನವರಿ 1ರಿಂದ ನೇರವಾಗಿ ತಿನ್ನುವ ಬೀಜ, ಒಣಹಣ್ಣುಗಳಲ್ಲಿ ಕಿಲೋಗೆ ಅಫ್ಲಾಟಾಕ್ಸಿನ್ ಬಿ1 ಎರಡು ಮೈಕ್ರೋಗ್ರಾಂ, ಎಲ್ಲ ಬಗೆಯ ಅಫ್ಲಾಟಾಕ್ಸಿನ್ ಸೇರಿ ನಾಲ್ಕು ಮೈಕ್ರೋಗ್ರಾಂ ದಾಟುವಂತಿಲ್ಲ. ನಾಲ್ಕು ಮೈಕ್ರೋಗ್ರಾಂ ಅಂದರೆ ನೂರು ಕೋಟಿ ಭಾಗದಲ್ಲಿ ನಾಲ್ಕು ಭಾಗ.

ಸ್ಯಾಂಪಲ್ ತೆಗೆಯುವ ಕ್ರಮವೂ 1998ರಲ್ಲಿ ಗಟ್ಟಿಯಾಯಿತು. ದೊಡ್ಡ ಲಾಟ್ ಆದರೆ ನೂರು ಕಡೆಯಿಂದ ತಲಾ 300 ಗ್ರಾಂ. ಒಟ್ಟು 30 ಕಿಲೋ. ಅದನ್ನು ಚೆನ್ನಾಗಿ ಬೆರೆಸಿ ಹತ್ತತ್ತು ಕಿಲೋದ ಮೂರು ಪಾಲು. ಪ್ರತಿ ಪಾಲನ್ನೂ ನುಣ್ಣಗೆ ಅರೆದು ಪರೀಕ್ಷೆ. ನೇರ ತಿನ್ನುವ ಮಾಲಾದರೆ ಮೂರೂ ಪಾಲು ಪಾಸಾಗಬೇಕು. ಒಂದು ಫೇಲಾದರೂ ಲಾಟ್ ಪೂರ್ತಿ ಹೊರಗೆ.

ಇಷ್ಟು ದೊಡ್ಡ ಸ್ಯಾಂಪಲ್ ಯಾಕೆ? ಲೆಕ್ಕ ಹಾಕಿ ನೋಡೋಣ. ಒಂದು ಕಾಯಿ ಸುಮಾರು ಒಂದು ಗ್ರಾಂ ಅಂತ ಇಟ್ಟುಕೊಳ್ಳಿ. ಹತ್ತು ಟನ್ ಲಾಟ್‌ನಲ್ಲಿ ಒಂದು ಕೋಟಿ ಕಾಯಿ. ಹತ್ತು ಕಿಲೋ ಪಾಲಿನಲ್ಲಿ ಹತ್ತು ಸಾವಿರ. ಅದರಲ್ಲಿ 9,999 ಕಾಯಿ ಪೂರ್ತಿ ಶುದ್ಧ, ಒಂದೇ ಒಂದು ಕಾಯಿಯಲ್ಲಿ 50 ಮೈಕ್ರೋಗ್ರಾಂ ವಿಷ ಇದೆ ಅನ್ನಿ. ಹತ್ತು ಕಿಲೋಗೆ ಹಂಚಿದರೆ ಕಿಲೋಗೆ ಐದು ಮೈಕ್ರೋಗ್ರಾಂ. ಮಿತಿ ನಾಲ್ಕು. ಲಾಟ್ ವಾಪಸ್! ಬೂಷ್ಟು ಹಿಡಿದ ಒಂದು ಕಾಯಿಯಲ್ಲಿ ಅಷ್ಟು ವಿಷ ಇರುವುದುಂಟು.

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ರಫ್ತುದಾರನ ನಿದ್ದೆ ಕೆಡಿಸುವ ಸಂಗತಿ ಕಾಣುತ್ತದೆ. ಆ ಕೆಟ್ಟ ಕಾಯಿ ಇರಾನಿನಲ್ಲಿ ತೆಗೆದ ಸ್ಯಾಂಪಲ್‌ಗೆ ಸಿಗದೆ, ಜರ್ಮನಿಯಲ್ಲಿ ತೆಗೆದ ಸ್ಯಾಂಪಲ್‌ಗೆ ಸಿಗಬಹುದು. ಎರಡೂ ಲ್ಯಾಬ್ ಪ್ರಾಮಾಣಿಕ. ಎರಡೂ ಪರೀಕ್ಷೆ ಸರಿ. ಆದರೂ ಇಲ್ಲಿ ಪಾಸ್, ಅಲ್ಲಿ ಫೇಲ್. ವಾಪಸ್ ತರುವ ಸಾಗಣೆ, ಬಂದರಿನ ಗೋದಾಮು ಬಾಡಿಗೆ, ಸಿಕ್ಕಿಬಿದ್ದ ಬಂಡವಾಳ ಎಲ್ಲ ರಫ್ತುದಾರನ ತಲೆ ಮೇಲೆ. ಲ್ಯಾಬ್ ಸರ್ಟಿಫಿಕೇಟ್ ಕೈಯಲ್ಲಿದೆ, ಇನ್ನೇನು ಭಯವಿಲ್ಲ ಅಂದುಕೊಳ್ಳುವವರು ಈ ಒಂದು ಸಂಗತಿಯನ್ನು ದಯವಿಟ್ಟು ಮನಸ್ಸಿಗೆ ಹಾಕಿಕೊಳ್ಳಬೇಕು. ಪರೀಕ್ಷೆ ಮಾಲನ್ನು ಶುದ್ಧ ಮಾಡುವುದಿಲ್ಲ. ಒಳಗಿರುವುದು ಒಂದೋ ಸಿಕ್ಕಿಬೀಳುತ್ತದೆ, ಇಲ್ಲವೋ ತಪ್ಪಿಸಿಕೊಳ್ಳುತ್ತದೆ. ಕೆಟ್ಟ ಕಾಯಿಯ ಸಂಖ್ಯೆ ಇಳಿಸದೆ ಫೇಲಾಗುವ ಅಪಾಯ ಇಳಿಯುವುದಿಲ್ಲ.

ರಾಜಕೀಯದ ಅನುಮಾನ

ಆ ವರ್ಷ ಇರಾನ್‌ಗೂ ಯುರೋಪಿಗೂ ಸಂಬಂಧ ಹಳಸಿತ್ತು. ಏಪ್ರಿಲ್‌ನಲ್ಲಿ ಬರ್ಲಿನ್ ಕೋರ್ಟು, ಇರಾನ್ ಸರ್ಕಾರದ ವಿರೋಧಿಗಳನ್ನು ಆ ಊರಿನಲ್ಲಿ ಕೊಂದ ಮಿಕೊನೊಸ್ ರೆಸ್ಟೋರೆಂಟ್ ಹತ್ಯೆ ಪ್ರಕರಣದಲ್ಲಿ ಇರಾನಿನ ಉನ್ನತ ನಾಯಕತ್ವದ ಕಡೆ ಬೆರಳು ತೋರಿತ್ತು. ಯುರೋಪ್ ದೇಶಗಳ ರಾಯಭಾರಿಗಳು ಟೆಹರಾನ್ ಬಿಟ್ಟರು, ನವೆಂಬರ್‌ನಲ್ಲಿ ಮರಳಿದರು. ನಿಷೇಧ ಬಿದ್ದದ್ದು ಇವೆರಡರ ನಡುವೆ. ಇದೆಲ್ಲ ರಾಜಕೀಯ ಅಂದುಕೊಳ್ಳಲು ಬೇಕಾದಷ್ಟು ಸಾಮಗ್ರಿ ಇತ್ತು. ಆದರೆ ರಾಯಭಾರಿಗಳು ಮರಳಿದ ಮೇಲೂ ತಪಾಸಣೆ ಹೋಗಲಿಲ್ಲ. ಐದು ವರ್ಷದ ನಂತರ, 2002ರಲ್ಲಿ, ಟರ್ಕಿಯ ಒಣ ಅಂಜೂರ, ಹೇಜಲ್‌ನಟ್, ಪಿಸ್ತಾಗಳಿಗೂ, 2003ರಲ್ಲಿ ಬ್ರೆಜಿಲ್‌ನ ಚಿಪ್ಪಿನ ಬ್ರೆಜಿಲ್‌ನಟ್‌ಗೂ ಇದೇ ಬಗೆಯ ಷರತ್ತು ಬಿತ್ತು. ಅನುಮಾನ ಹಿಡಿದುಕೊಂಡು ಕೂತಷ್ಟು ದಿನ ತೋಟದ ಕಡೆ ಕಣ್ಣು ಹೋಗುವುದಿಲ್ಲ. ನಷ್ಟ ಅದೇ.

ಅಂಜೂರದ ಮಾತು ಬಂತು, ಒಂದು ವಿಷಯ ಹೇಳಿಯೇ ಮುಂದೆ ಹೋಗುತ್ತೇನೆ. ಟರ್ಕಿಯಲ್ಲಿ ಒಣ ಅಂಜೂರವನ್ನು ಕತ್ತಲೆ ಕೋಣೆಯಲ್ಲಿ ಆರಿಸುತ್ತಾರೆ. ಬೆಲ್ಟಿನ ಮೇಲೆ ನೇರಳಾತೀತ ದೀಪ ಉರಿಯುತ್ತಿರುತ್ತದೆ. ಹಣ್ಣು ಹರಿದು ಬರುತ್ತಿರುತ್ತದೆ. ಬೂಷ್ಟು ಹಿಡಿದ ಹಣ್ಣು ಆ ಬೆಳಕಿಗೆ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. ಕೂತ ಕೆಲಸಗಾರರು ಅದನ್ನು ಕೈಯಲ್ಲೇ ತೆಗೆದು ಪಕ್ಕಕ್ಕೆ ಹಾಕುತ್ತಾರೆ. ಒಂದೊಂದೇ ಹಣ್ಣು. ದುಬಾರಿ ಮಾರುಕಟ್ಟೆಗೆ ಹೋಗುವ ಮಾಲಿನ ಹಿಂದೆ ಇಂಥ ಕಣ್ಣುಗಳಿವೆ. ಅವರ ಕೂಲಿ, ಅವರ ಕಣ್ಣಿಗೆ ವಿಶ್ರಾಂತಿ ಇವನ್ನೂ ಖರ್ಚಿನ ಲೆಕ್ಕದಲ್ಲಿ ಮೊದಲೇ ಬರೆದಿಡಬೇಕು.

ಬಿಟ್ಟ ಜಾಗಕ್ಕೆ ಬಂದವರು

ಯುರೋಪಿನಲ್ಲಿ ಇರಾನ್ ಎಡವಿದಾಗ ಆ ಜಾಗಕ್ಕೆ ಮೆಲ್ಲಗೆ ಬಂದದ್ದು ಕ್ಯಾಲಿಫೋರ್ನಿಯಾ. ಅಲ್ಲಿನ ಪಿಸ್ತಾದ ಬೀಜ ಹೋದದ್ದು ಇರಾನಿನಿಂದಲೇ. 1929ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಲಿಯಂ ವೈಟ್‌ಹೌಸ್ ಪರ್ಷಿಯಾಕ್ಕೆ ಬಂದು, ತೋಟ ತೋಟ ಸುತ್ತಿ ಸುಮಾರು 20 ಪೌಂಡ್ ಬೀಜ ಆರಿಸಿ ಒಯ್ದರು. ಅದರಲ್ಲಿ ರಫ್ಸಂಜಾನ್ ಸೀಮೆಯ ಒಂದು ಬೀಜದಿಂದ ಬಂದ ತಳಿಗೆ ಕೆರ್ಮಾನ್ ಅಂತಲೇ ಹೆಸರಿಟ್ಟರು. 1976ರಲ್ಲಿ ಮೊದಲ ವಾಣಿಜ್ಯ ಬೆಳೆ ಬಂತು. ಇವತ್ತು ಜಗತ್ತಿನಲ್ಲಿ ಹೆಚ್ಚು ಪಿಸ್ತಾ ಬೆಳೆಯುವ ದೇಶ ಅಮೆರಿಕ.

ಕ್ಯಾಲಿಫೋರ್ನಿಯಾದಲ್ಲಿ ಬೂಷ್ಟು ಇಲ್ಲವೇ? ಇದೆ. ಮುಂಚೆ ಬಿರಿಯುವ ಕಾಯಿಯೂ ಇದೆ, ಕೊರೆಯುವ ಹುಳುವೂ ಇದೆ. ಅವರು ಅದನ್ನು ಮುಚ್ಚಿಡಲಿಲ್ಲ. ಮುಂಚೆ ಬಿರಿದ ಕಾಯಿಯ ಮೇಲೆ ವರ್ಷಗಟ್ಟಲೆ ಸಂಶೋಧನೆ ನಡೆದದ್ದು ಅಲ್ಲೇ. ಯಂತ್ರ ಮರವನ್ನು ಅಲ್ಲಾಡಿಸುತ್ತದೆ, ಕಾಯಿ ಕೆಳಗೆ ಹಿಡಿದ ಚೌಕಟ್ಟಿಗೆ ಬೀಳುತ್ತದೆ, ನೆಲ ಮುಟ್ಟುವುದಿಲ್ಲ. ಬಿಸಿಗಾಳಿಯ ಡ್ರೈಯರ್‌ನಲ್ಲಿ ಒಣಗುತ್ತದೆ. ಕಲೆ ಹತ್ತಿದ ಚಿಪ್ಪನ್ನು ಬಣ್ಣ ನೋಡಿ ಬೇರ್ಪಡಿಸುವ ಯಂತ್ರ ಹೊರಗೆ ತಳ್ಳುತ್ತದೆ. 2005ರಲ್ಲಿ ಬೆಳೆಗಾರರೇ ಒಪ್ಪಿದ ನಿಯಮದ ಪ್ರಕಾರ ತಮ್ಮ ದೇಶದೊಳಗೆ ಮಾರುವ ಮಾಲಿಗೂ ಅಫ್ಲಾಟಾಕ್ಸಿನ್ ಪರೀಕ್ಷೆ ಕಡ್ಡಾಯವಾಯಿತು.

ದುಡ್ಡಿದ್ದವರ ಕತೆ ಬೇರೆ ಅನ್ನಬಹುದು. ದೊಡ್ಡ ತೋಟ, ಕೆಲವೇ ಸಂಸ್ಕರಣಾ ಘಟಕಗಳು, ಬ್ಯಾಂಕ್ ಸಾಲ. ಸರಿ, ಒಪ್ಪುತ್ತೇನೆ. ಆದರೆ ಅವರು ಮಾಡಿದ್ದರಲ್ಲಿ ದುಡ್ಡಿಲ್ಲದೆಯೂ ಆಗುವಂಥವಿವೆ. ಒಣಗಿ ಸುಕ್ಕಾದ ಸಿಪ್ಪೆಯ ಕಾಯಿಯನ್ನು ಸುಲಿಯುವ ಮೊದಲೇ ಬೇರೆ ಮಾಡುವುದು. ನೆಲಕ್ಕೆ ಉದುರಿದ್ದನ್ನು ಮರದಿಂದ ಇಳಿಸಿದ್ದರ ಜೊತೆ ಸೇರಿಸದಿರುವುದು. ಹಳೇ ವರ್ಷದ ಮಾಲನ್ನು ಹೊಸದಕ್ಕೆ ಬೆರೆಸದಿರುವುದು. ಚೀಲದ ಮೇಲೆ ಯಾವ ತೋಟ, ಯಾವ ದಿನ ಅಂತ ಬರೆದಿಡುವುದು. ಬಂದರಿನಲ್ಲಿ ಒಂದು ಲಾಟ್ ಫೇಲಾದರೆ ಯಾವ ಕಣದಿಂದ ಬಂತು ಅಂತ ಹಿಂದಕ್ಕೆ ಹೋಗಿ ನೋಡಲು ಇದೊಂದೇ ದಾರಿ. ಸುಲಿಯುವ ಯಂತ್ರವನ್ನು ನಾಲ್ಕಾರು ಜನ ಸೇರಿ ಇಟ್ಟುಕೊಂಡರೆ ಸರತಿಯ ಕಾಟವೂ ತಪ್ಪುತ್ತದೆ.

ಕಮಿಷನ್ ಬಗ್ಗೆಯೂ ನನ್ನದೊಂದು ದೂರಿದೆ. ಆದೇಶ ಒಂದು ದೇಶದ ಹೆಸರಿಗೆ ಬಿತ್ತು. ಹೊತ್ತಿಗೆ ಸುಲಿದು, ಹೊತ್ತಿಗೆ ಒಣಗಿಸಿ, ಕೈಯಲ್ಲಿ ಆರಿಸಿದವನೂ ಗೋದಾಮಿನ ಮೂಲೆಯಲ್ಲಿ ತೇವದ ಚೀಲ ಇಟ್ಟವನೂ ಒಂದೇ ಸಾಲಿನಲ್ಲಿ ನಿಂತರು. ಮೂರು ತಿಂಗಳು ಒಳ್ಳೆಯವನಿಗೆ ತನ್ನನ್ನು ತಾನು ಬೇರೆ ಎಂದು ತೋರಿಸಿಕೊಳ್ಳಲು ದಾರಿಯೇ ಇರಲಿಲ್ಲ. ಲಾಟ್‌ವಾರು ಪರೀಕ್ಷೆಯ ಷರತ್ತು ಮೊದಲ ದಿನವೇ ಬಂದಿದ್ದರೆ ಜನರ ಆರೋಗ್ಯವೂ ಉಳಿಯುತ್ತಿತ್ತು, ಪ್ರಾಮಾಣಿಕ ಬೆಳೆಗಾರನ ಆ ವರ್ಷವೂ ಉಳಿಯುತ್ತಿತ್ತು.

ಅಂಕಿ ಬದಲಾದ ಮೇಲೆ

2008ರಲ್ಲಿ ಅಂತರರಾಷ್ಟ್ರೀಯ ಆಹಾರ ಮಾನದಂಡ ರೂಪಿಸುವ ಕೋಡೆಕ್ಸ್, ತಿನ್ನಲು ಸಿದ್ಧವಾದ ಪಿಸ್ತಾ, ಬಾದಾಮಿ, ಹೇಜಲ್‌ನಟ್‌ಗಳಿಗೆ ಒಟ್ಟು ಅಫ್ಲಾಟಾಕ್ಸಿನ್ ಕಿಲೋಗೆ ಹತ್ತು ಮೈಕ್ರೋಗ್ರಾಂ ಎಂದು ಗೊತ್ತು ಮಾಡಿತು. 2010ರಲ್ಲಿ ಯುರೋಪ್ ಕೂಡ ಪಿಸ್ತಾಕ್ಕೆ ಬಿ1 ಎಂಟು, ಒಟ್ಟು ಹತ್ತು ಎಂದು ಮಿತಿ ಏರಿಸಿತು. ಎರಡು, ನಾಲ್ಕರಿಂದ ಎಂಟು, ಹತ್ತಕ್ಕೆ! ಮೇಲಿನ ಲೆಕ್ಕದ ಆ ಒಂದು ಕೆಟ್ಟ ಕಾಯಿ ಈಗ ಲಾಟನ್ನು ಕೆಡವುವುದಿಲ್ಲ. ಅಂಥವು ಎರಡಿದ್ದರೂ ಒಟ್ಟು ಮಿತಿ ಅಂಚಿನಲ್ಲಿ ನಿಲ್ಲುತ್ತದೆ. ಬಿ1 ಮಿತಿ ಮಾತ್ರ ದಾಟಿದರೂ ದಾಟಬಹುದು.

ರಫ್ಸಂಜಾನ್‌ನ ಬೆಳೆಗಾರರು ವರ್ಷಗಳ ಕಾಲ ಕಾದಿದ್ದ ಸಡಿಲಿಕೆ ಇದು. ಆದರೆ ಅಷ್ಟೊತ್ತಿಗೆ ಜರ್ಮನಿಯ ಅಂಗಡಿಗಳ ಪೊಟ್ಟಣದಲ್ಲಿ ಕ್ಯಾಲಿಫೋರ್ನಿಯಾದ ಪಿಸ್ತಾ ನೆಲೆಯೂರಿತ್ತು. ಇರಾನಿನ ಮಾಲು ದುಬೈ, ಹಾಂಗ್‌ಕಾಂಗ್, ಚೀನಾ ಕಡೆಯ ದಾರಿ ಹಿಡಿದಿತ್ತು. ಹುರಿಯುವ ಕಂಪನಿಗಳು ಒಮ್ಮೆ ಪೂರೈಕೆದಾರರನ್ನು ಬದಲಿಸಿ, ಯಂತ್ರ, ಗ್ರೇಡು, ಪೊಟ್ಟಣ ಎಲ್ಲ ಹೊಸ ಮಾಲಿಗೆ ಹೊಂದಿಸಿಕೊಂಡ ಮೇಲೆ ಹಳಬರ ಕಡೆ ಸುಲಭಕ್ಕೆ ತಿರುಗುವುದಿಲ್ಲ.

2019ರಲ್ಲಿ ಯುರೋಪ್ ಒಕ್ಕೂಟ ಇಂಥ ತಪಾಸಣೆಗಳನ್ನೆಲ್ಲ ಸೇರಿಸಿ ಹೊಸ ನಿಯಮ ಮಾಡಿತು. ವಿಶೇಷ ಷರತ್ತಿನ ಪಟ್ಟಿಯಲ್ಲಿ, ಅಫ್ಲಾಟಾಕ್ಸಿನ್ ಎದುರಿಗೆ, ಇರಾನಿನ ಪಿಸ್ತಾದ ಸಾಲು ಆಗಲೂ ಇತ್ತು. 1997ರಿಂದ ಅಲ್ಲಿಗೆ 22 ವರ್ಷ.